ಮುಂಗಡಕ್ಕಿಂತ ಮೊದಲು ಜ್ವರದ ಮಾತು ಎತ್ತಿದ ಟ್ರಾವೆಲ್ಸ್

ಸಿಂಗಾಪುರದಿಂದ ಹೊರಟು ಪೆನಾಂಗ್, ಫುಕೆಟ್ ನೋಡಿ ವಾಪಸ್ ಬರುವ ಕ್ರೂಸ್. ಅಪ್ಪ, ಅಮ್ಮ, ಚಿಕ್ಕಮ್ಮ ಮತ್ತು ನಾನು. ಬುಕ್ ಮಾಡಿದ್ದು ಕಾಸರಗೋಡು ಹೊಸ ಬಸ್‌ಸ್ಟ್ಯಾಂಡ್ ಹತ್ತಿರದ ಒಂದು ಸಣ್ಣ ಟ್ರಾವೆಲ್ಸ್‌ನಲ್ಲಿ. ಹಡಗು ಹೇಗಿತ್ತು ಅಂತ ಕೇಳುವವರೇ ಜಾಸ್ತಿ. ನನಗೆ ಆ ಆಫೀಸಿನ ಬಗ್ಗೆ ಹೇಳಬೇಕು.

ಮೊದಲು ವಿಚಾರಿಸಿದ ಕಡೆಯೆಲ್ಲ ಈಜುಕೊಳದ ಫೋಟೋ, ಊಟದ ಹಾಲ್‌ನ ಫೋಟೋ ತೋರಿಸಿದರು. ಹುಷಾರು ತಪ್ಪಿದರೆ ಹಣ ಏನಾಗುತ್ತದೆ ಅಂತ ಕೇಳಿದರೆ "ಅದೆಲ್ಲ ನೋಡಿಕೊಳ್ಳುವ" ಅನ್ನುತ್ತಿದ್ದರು. ಇಲ್ಲಿ ಹಾಗಲ್ಲ. ಆಫೀಸಿನವರು ಮೊದಲು ಕೇಳಿದ್ದೇ ಎಲ್ಲರ ವಯಸ್ಸು, ಯಾರಿಗೆ ದಮ್ಮು, ಯಾರಿಗೆ ಸಕ್ಕರೆ ಕಾಯಿಲೆ ಅಂತ. ಅಪ್ಪನಿಗೆ ದಮ್ಮು ಇದೆ. ಅಪ್ಪ ಕನ್ನಡ ಶಾಲೆಯಲ್ಲಿ ಪಾಠ ಮಾಡಿ ನಿವೃತ್ತರಾದವರು. ಅವರು ಚೀಲದಿಂದ ಚೆಕ್ ಪುಸ್ತಕ ತೆಗೆಯುವಾಗ ಇವರು ತಡೆದರು. "ಮಾಷ್ಟ್ರೇ, ಮುಂಗಡ ಆಮೇಲೆ ಕೊಡಿ. ಮೊದಲು ಇಷ್ಟು ಓದಿ."

ಷರತ್ತುಗಳ ಪ್ರಿಂಟ್ ತೆಗೆದು ಕೆಂಪು ಪೆನ್ನಿನಲ್ಲಿ ಗೆರೆ ಎಳೆಯುತ್ತಾ ಹೋದರು. ಹೊರಡುವ ದಿನ ಹತ್ತಿರವಾದಷ್ಟೂ ಕ್ಯಾನ್ಸಲ್ ಮಾಡಿದರೆ ಹಿಡಿಯುವ ಹಣ ಜಾಸ್ತಿ, ಕೊನೆಯ ದಿನಗಳಲ್ಲಿ ಏನೂ ವಾಪಸ್ ಇಲ್ಲ. ಹಡಗಿನವರು ಯಾವುದೇ ಬಂದರನ್ನು ಬಿಟ್ಟು ಹೋಗಬಹುದು. ಆಗ ಆ ಬಂದರಿನ ತೆರಿಗೆ ಮಾತ್ರ ನಮಗೆ ವಾಪಸ್, ಟಿಕೆಟಿನ ಹಣ ಇಲ್ಲ. ಜ್ವರ ಇದ್ದವರನ್ನು ಹತ್ತಿಸಿಕೊಳ್ಳದೆ ಇರಬಹುದು. ಹತ್ತಿದ ಮೇಲೆ ಜ್ವರ ಬಂದರೆ ಕ್ಯಾಬಿನ್ ಬಿಟ್ಟು ಹೊರಗೆ ಬರುವಂತಿಲ್ಲ, ಡಾಕ್ಟರ ಬಿಲ್ ಕೂಡ ನಮ್ಮ ಲೆಕ್ಕಕ್ಕೇ. ಚಿಕ್ಕಮ್ಮನಿಗೆ ಇದು ಅಪಶಕುನದ ಮಾತಾಗಿ ಕೇಳಿಸಿತು. ನನಗೆ ಮಾತ್ರ ಈ ಮನುಷ್ಯನ ಮೇಲೆ ನಂಬಿಕೆ ಹುಟ್ಟಿದ್ದೇ ಅಲ್ಲಿ.

ಅವರಿಗೆ ಈ ಅಭ್ಯಾಸ ಬಂದದ್ದು 2009ರ ಹಂದಿಜ್ವರದ ಕಾಲದಿಂದಂತೆ. ಆ ವರ್ಷ ಏಪ್ರಿಲ್‌ನಲ್ಲಿ ಮೆಕ್ಸಿಕೋದಲ್ಲಿ ಎಚ್1ಎನ್1 ಸುದ್ದಿಯಾದ ಕೂಡಲೇ ದೊಡ್ಡ ಕ್ರೂಸ್ ಕಂಪನಿಗಳು ಅಲ್ಲಿನ ಬಂದರುಗಳನ್ನು ಕೈಬಿಟ್ಟವು. ಮೇ ತಿಂಗಳಲ್ಲಿ 'ಪೆಸಿಫಿಕ್ ಡಾನ್' ಹಡಗಿನಲ್ಲಿ ಸೋಂಕು ಸಿಕ್ಕಿತು. ಸಿಡ್ನಿಯಲ್ಲಿ ಇಳಿದವರಿಗೆ ಒಂದು ವಾರ ಮನೆಯಲ್ಲೇ ಇರಿ ಅಂದರು. ಅದೇ ಹಡಗು ಮುಂದಿನ ಸಲ ಆಸ್ಟ್ರೇಲಿಯಾದ್ದೇ ಆದ ಕ್ವೀನ್ಸ್‌ಲ್ಯಾಂಡ್ ರಾಜ್ಯದ ಬಂದರುಗಳಿಗೆ ಹೋಗದೆ ಸಿಡ್ನಿಗೇ ತಿರುಗಿತು. ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಮಹಾಮಾರಿ ಅಂತ ಘೋಷಿಸಿದ್ದು ಜೂನ್ 11ಕ್ಕೆ. ಅಂದರೆ ಪ್ರವಾಸ ಕೆಡುವುದಕ್ಕೆ ಘೋಷಣೆಯೇ ಬೇಕಿಲ್ಲ, ಒಂದು ಬಂದರು ಬೇಡ ಅಂದರೆ ಸಾಕು.

ಇದನ್ನು ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. 2020ರ ಮಾರ್ಚ್‌ನಲ್ಲಿ ಕೊರೊನಾ ಅಂತ ಕೇರಳ-ಕರ್ನಾಟಕ ಗಡಿಯ ತಲಪಾಡಿಯಲ್ಲಿ ರಸ್ತೆ ಮುಚ್ಚಿದಾಗ ಮಂಗಳೂರಿನ ಆಸ್ಪತ್ರೆಯೇ ನಮಗೆ ದೂರವಾಗಿತ್ತು. ಆಂಬುಲೆನ್ಸ್‌ಗಳೂ ವಾಪಸ್ ಬಂದವು. ಗಡಿ ಮುಚ್ಚುವುದು ಅಂದರೆ ಏನು ಅಂತ ಮಂಜೇಶ್ವರದಿಂದ ಮುಳ್ಳೇರಿಯದವರೆಗೆ ಎಲ್ಲರಿಗೂ ಗೊತ್ತು.

ಇನ್ಶೂರೆನ್ಸ್ ವಿಷಯದಲ್ಲಂತೂ ಅವರು ಒಂದಿಡೀ ಮಧ್ಯಾಹ್ನ ಕೊಟ್ಟರು. ಕಡಿಮೆ ಬೆಲೆಯ ಪಾಲಿಸಿಯಲ್ಲಿ ವಿದೇಶದ ಆಸ್ಪತ್ರೆ ಖರ್ಚು ಮಾತ್ರ ಇತ್ತು. ಇನ್ನೊಂದರಲ್ಲಿ ಪ್ರವಾಸ ರದ್ದಾದರೂ ಹಣ ಬರುತ್ತಿತ್ತು. ಆದರೆ ಹೋಗುವವರಿಗೇ ಕಾಯಿಲೆ ಬರಬೇಕು. ಎಲ್ಲೋ ಜ್ವರ ಹಬ್ಬಿದೆ ಅಂತ ಹೆದರಿ ನಿಂತರೆ ಇಲ್ಲ. ಸುದ್ದಿ ಹಬ್ಬಿದ ಮೇಲೆ ಪಾಲಿಸಿ ತೆಗೆದರೂ ಇಲ್ಲ. ಕೆಲವು ಪಾಲಿಸಿಗಳಲ್ಲಿ ಮಹಾಮಾರಿಯನ್ನು ಪೂರ್ತಿ ಹೊರಗೇ ಇಟ್ಟಿರುತ್ತಾರೆ, ಆ ಸಾಲನ್ನೂ ಬೆರಳಿಟ್ಟು ತೋರಿಸಿದರು. ಜೊತೆಯವರಿಗೆ ಕಾಯಿಲೆಯಾದರೂ ಉಳಿದವರಿಗೆ ಹಣ ಸಿಗುವ ಪಾಲಿಸಿ ಹುಡುಕಿ ಕೊಟ್ಟದ್ದು ಅವರೇ.

ಹೊರಡುವ ಹೊತ್ತಿಗೆ ಸರಿಯಾಗಿ ಚಿಕ್ಕಮ್ಮನಿಗೆ ಜ್ವರ, ಮೈಕೈ ನೋವು. ಪರೀಕ್ಷೆಯಲ್ಲಿ ಇನ್‌ಫ್ಲುಯೆಂಜಾ ಎ, ಅಂದರೆ ಫ್ಲೂ ಅಂತ ಬಂತು. ನಾನು ಫೋನ್ ಮಾಡಿದಾಗ ಅವರು ಟಿಕೆಟ್ ಮಾತೇ ಎತ್ತಲಿಲ್ಲ. "ಚಿಕ್ಕಮ್ಮನನ್ನು ಡಾಕ್ಟರಿಗೆ ತೋರಿಸಿದಿರಾ? ಮಾಷ್ಟ್ರನ್ನು ಬೇರೆ ಕೋಣೆಯಲ್ಲಿ ಮಲಗಿಸಿ" ಅಂದರು. ಆಮೇಲೆ ಡಾಕ್ಟರ ಚೀಟಿ ಕಳಿಸಿದೆ. ಅದರಲ್ಲಿ 'ವಿಶ್ರಾಂತಿ ಬೇಕು' ಅಂತ ಮಾತ್ರ ಇತ್ತು. ಇದು ನಡೆಯುವುದಿಲ್ಲ, 'ಪ್ರಯಾಣ ಮಾಡುವ ಸ್ಥಿತಿಯಲ್ಲಿಲ್ಲ' ಅಂತ ತಾರೀಕು ಸಮೇತ ಬರೆಸಿ ಅಂದರು. ಬರೆಸಿದೆವು. ನಾವು ಕೊಟ್ಟ ಕಾಗದವನ್ನೇ ಇನ್ಶೂರೆನ್ಸ್‌ನವರು ಮತ್ತೆ ಮತ್ತೆ ಕೇಳಿ ಸತಾಯಿಸಿದರು ನಿಜ. ಆದರೆ ಕೊನೆಗೆ ವಿಮಾನದ ಹಣ ಕೊಡಿಸಿದ್ದು ಆ ಒಂದು ಸಾಲು. ಕ್ರೂಸ್‌ನವರ ಜೊತೆ ಇವರೇ ಪತ್ರ ವ್ಯವಹಾರ ಮಾಡಿ, ಸ್ವಲ್ಪ ಹಣ ಕಳೆದು, ಬೇರೆ ತಾರೀಕಿಗೆ ಬದಲಾಯಿಸಿದರು.

ಮಳೆಗಾಲ ಕಳೆದ ಮೇಲೆ ಹೋಗಿಬಂದೆವು. ಫ್ಲೂ ಲಸಿಕೆ ಹಾಕಿಸಿಕೊಂಡೇ ಹೋದದ್ದು. ಅದು ಕೆಲಸ ಮಾಡಲು ಎರಡು ವಾರ ಬೇಕು ಅಂತ ಮೊದಲೇ ನೆನಪಿಸಿದ್ದರು. ಸಿಂಗಾಪುರದಲ್ಲಿ ಹತ್ತುವಾಗ ಜ್ವರ, ಕೆಮ್ಮು ಇದೆಯಾ ಅಂತ ಫಾರ್ಮ್ ತುಂಬಿಸಿದರು. ಊಟದ ಹಾಲ್‌ನ ಬಾಗಿಲಲ್ಲೇ ಕೈ ತೊಳೆಯುವ ಸಿಂಕ್, ಪಕ್ಕದಲ್ಲಿ ಒಬ್ಬರು ನಿಂತೇ ಇರುತ್ತಾರೆ. ಚಿಕ್ಕಮ್ಮ ರಾತ್ರಿ ಎಲ್ಲ ಡೆಕ್ ಮೇಲೆ ಕೂತು ಸಮುದ್ರ ನೋಡಿದರು. ಅಪ್ಪನಿಗೆ ಕುಚ್ಚಲಕ್ಕಿ ಗಂಜಿ ಸಿಗಲಿಲ್ಲ ಅನ್ನುವುದು ಬಿಟ್ಟರೆ ಬೇರೆ ದೂರಿಲ್ಲ.

ಆಫೀಸಿನ ಬಗ್ಗೆ ದೂರು ಇದೆ. ರಜೆಯ ಸೀಸನ್‌ನಲ್ಲಿ ಫೋನ್ ಎತ್ತುವುದಿಲ್ಲ, ನೇರ ಹೋಗಬೇಕು. ಹಡಗಿನಲ್ಲಿ ದಿನಕ್ಕೆ ಇಷ್ಟು ಅಂತ ಹಿಡಿಯುವ ಟಿಪ್ಸ್ ಹಣವನ್ನು ಮೊದಲ ಲೆಕ್ಕದಲ್ಲೇ ಸೇರಿಸಿ ಹೇಳಬೇಕಿತ್ತು. ಮುಖ್ಯವಾದದ್ದು ಇನ್ನೊಂದು. ಅಷ್ಟು ಚೆನ್ನಾಗಿ ವಿವರಿಸುವ ಆ ಷರತ್ತುಗಳು ಕಾಗದದಲ್ಲಿ ಇಂಗ್ಲಿಷ್ ಮತ್ತು ಮಲಯಾಳದಲ್ಲಿ ಮಾತ್ರ ಇವೆ. ಬದಿಯಡ್ಕ, ಪೆರ್ಲ, ನೀರ್ಚಾಲು ಕಡೆಯಿಂದ ಬರುವ ಹಿರಿಯರು ಕನ್ನಡ ಶಾಲೆಯಲ್ಲಿ ಓದಿದವರು. ಕೆಂಪು ಗೆರೆ ಎಳೆದ ಆ ಸಾಲುಗಳನ್ನಾದರೂ ಕನ್ನಡದಲ್ಲಿ ಒಂದು ಪುಟ ಮಾಡಿ ಕೈಗೆ ಕೊಡಲಿ. ಬರೆದುಕೊಡಲು ಅಪ್ಪ ತಯಾರಿದ್ದಾರೆ, ಆಫೀಸಿನವರಿಗೆ ಹೇಳಿಯೂ ಆಗಿದೆ.