ಫೇಸ್‌ಬುಕ್ ಬ್ಯಾಕಪ್: ಎಚ್‌ಟಿಎಂಎಲ್ ಸಾಕೋ, ಜೇಸನ್ ಬೇಕೋ?

ಫೇಸ್‌ಬುಕ್, ಇನ್‌ಸ್ಟಾಗ್ರಾಂ ಎರಡರಲ್ಲೂ ನಿಮ್ಮ ಮಾಹಿತಿಯ ಪ್ರತಿ ಕೇಳುವಾಗ ಅದು ಎಚ್‌ಟಿಎಂಎಲ್ (ವೆಬ್ ಪುಟದ ರೂಪ) ಆಗಿರಬೇಕೋ, ಜೇಸನ್ (JSON, ಪ್ರೋಗ್ರಾಂಗಳು ಓದುವ ರೂಪ) ಆಗಿರಬೇಕೋ ಎಂಬ ಆಯ್ಕೆ ಎದುರಾಗುತ್ತದೆ.

ಹಳೆಯ ಪೋಸ್ಟ್, ಚಾಟ್ ಓದುವುದಷ್ಟೇ ಉದ್ದೇಶವಾದರೆ ಎಚ್‌ಟಿಎಂಎಲ್ ಸಾಕು. ಬ್ರೌಸರ್‌ನಲ್ಲಿ ತೆರೆದರಾಯಿತು, ಇಂಟರ್ನೆಟ್ ಕೂಡ ಬೇಡ. ಆದರೆ ಜಿಪ್ (ಕುಗ್ಗಿಸಿದ ಕಡತ) ಬಿಡಿಸದೇ ಒಳಗಿನ ಪುಟ ತೆರೆದರೆ ಫೋಟೋಗಳ ಜಾಗ ಖಾಲಿ ಕಾಣುತ್ತದೆ. ಹಲವು ಜಿಪ್ ಬಂದಿದ್ದರೆ ಎಲ್ಲವನ್ನೂ ಒಂದೇ ಫೋಲ್ಡರ್‌ಗೆ ಬಿಡಿಸಿ.

ಜೇಸನ್ ಬೇಕಾಗುವುದು ಬೇರೆ ಆ್ಯಪ್‌ಗೆ ಸಾಗಿಸಲು ಅಥವಾ ಸ್ಕ್ರಿಪ್ಟ್ (ಪುಟ್ಟ ಪ್ರೋಗ್ರಾಂ) ಬರೆದು ಜಾಲಾಡಲು. ಸಮಯವೆಲ್ಲ 1970ರ ಜನವರಿ 1ರಿಂದ ಎಣಿಸಿದ ಸೆಕೆಂಡು ಅಥವಾ ಮಿಲಿಸೆಕೆಂಡುಗಳಲ್ಲಿರುತ್ತದೆ. ಯಂತ್ರಕ್ಕೆ ಸಲೀಸು, ಕಣ್ಣಿಗೆ ಕಿರಿಕಿರಿ. ದೊಡ್ಡ ತೊಡಕು ಕನ್ನಡ ಪಠ್ಯದ್ದು. ಫೇಸ್‌ಬುಕ್‌ನ ಜೇಸನ್‌ನಲ್ಲಿ ಯುಟಿಎಫ್-8ರ (ಅಕ್ಷರಗಳನ್ನು ಬೈಟ್‌ಗಳಾಗಿ ಬರೆದಿಡುವ ಸಂಕೇತ ಪದ್ಧತಿ) ಪ್ರತಿ ಬೈಟೂ ಬೇರೆ ಅಕ್ಷರವಾಗಿ ದಾಖಲಾಗಿರುತ್ತದೆ, ಹಾಗಾಗಿ ‘ಕ’ ಒಂದೇ ಮೂರು ವಿಚಿತ್ರ ಚಿಹ್ನೆಗಳಾಗುತ್ತದೆ. ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಅದನ್ನು ಲ್ಯಾಟಿನ್-1 (ಇನ್ನೊಂದು ಸಂಕೇತ ಪದ್ಧತಿ) ಆಗಿ ಎನ್‌ಕೋಡ್ ಮಾಡಿ, ಯುಟಿಎಫ್-8 ಆಗಿ ಡಿಕೋಡ್ ಮಾಡಿದರೆ ಸರಿಹೋಗುತ್ತದೆ. ಈ ಸಾಲು ತಲೆಗೆ ಹೋಗದಿದ್ದರೆ ಜೇಸನ್ ತಂಟೆ ಬೇಡ.

ಯಾವುದನ್ನೇ ಆರಿಸಿ, ದಿನಾಂಕದ ವ್ಯಾಪ್ತಿ ಖಾತೆ ತೆರೆದಂದಿನಿಂದ ಇಂದಿನವರೆಗೂ ಇದೆಯೇ, ಮೀಡಿಯಾ ಗುಣಮಟ್ಟ ಹೆಚ್ಚಿನದಿದೆಯೇ ನೋಡಿಕೊಳ್ಳಿ. ಡೌನ್‌ಲೋಡ್ ಲಿಂಕ್ ಕೆಲವೇ ದಿನ ಇರುತ್ತದೆ. ಖಾತೆಯನ್ನೇ ಅಳಿಸುವುದಾದರೆ ಎರಡೂ ರೂಪದಲ್ಲಿ ಇಳಿಸಿಕೊಂಡು, ತೆರೆದು ನೋಡಿದ ಮೇಲಷ್ಟೇ ಅಳಿಸಿ.