ಐಎಸ್‌ಎಸ್‌ಎನ್ ತಾಳೆಯಾದರೂ ಜರ್ನಲ್ ನಕಲಿ ಇರಬಹುದು: ಪೇಪರ್ ಕಳಿಸುವ ಮೊದಲು ಓದಿ

ಪಿಎಚ್.ಡಿ. ಮುಗಿಸುವ ಹಂತದಲ್ಲಿರುವವರು, ಅತಿಥಿ ಉಪನ್ಯಾಸಕರಾಗಿದ್ದು ಕಾಯಂ ಹುದ್ದೆಗೆ ಅಂಕ ಕೂಡಿಸುತ್ತಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ನಕಲಿ ಜರ್ನಲ್ (ಸಂಶೋಧನಾ ಪತ್ರಿಕೆ) ಒಂದು ನಮ್ಮ ಪೇಪರನ್ನೂ 4,500 ರೂಪಾಯಿಯನ್ನೂ ನುಂಗಿ ಕೂತಿದೆ. ದುಡ್ಡಿಗಿಂತ ಪೇಪರ್ ಹೋದದ್ದು ಹೊಟ್ಟೆ ಉರಿಸುತ್ತಿದೆ.

ನೋಡದೆ ಕಳಿಸಿದ್ದಲ್ಲ. ಹೆಸರು ಯುಜಿಸಿ-ಕೇರ್ ಪಟ್ಟಿಯಲ್ಲಿ (ವಿಶ್ವವಿದ್ಯಾಲಯ ಅನುದಾನ ಆಯೋಗ ಒಪ್ಪಿದ ಜರ್ನಲ್‌ಗಳ ಪಟ್ಟಿ) ಇತ್ತು, ಐಎಸ್‌ಎಸ್‌ಎನ್‌ನ (ಜರ್ನಲ್‌ನ ನಂಬರ್) ಎಂಟೂ ಅಂಕಿ ತಾಳೆಯಾಗಿದ್ದವು. ಮೋಸ ಇರುವುದೇ ಅಲ್ಲಿ. ಈ ನಕಲಿ ಜರ್ನಲ್‌ನವರು ಹೊಸ ಹೆಸರು ಹುಟ್ಟಿಸುವುದಿಲ್ಲ. ಯಾವುದೋ ಹಳೆಯ ಸಂಸ್ಥೆ ವರ್ಷಕ್ಕೆ ಎರಡು ಸಂಚಿಕೆ ಅಚ್ಚು ಹಾಕಿಸಿ ಅಂಚೆಯಲ್ಲಿ ಕಳಿಸುತ್ತಿರುತ್ತದೆ, ವೆಬ್‌ಸೈಟ್ ಇರುವುದಿಲ್ಲ. ಅದರ ಹೆಸರು, ನಂಬರ್, ಮುಖಪುಟ, ಸಂಪಾದಕರ ಹೆಸರು ಎಲ್ಲ ಎತ್ತಿಕೊಂಡು ತಾವೇ ವೆಬ್‌ಸೈಟ್ ತೆರೆಯುತ್ತಾರೆ. ಪಟ್ಟಿಯಲ್ಲಿ ಹುಡುಕಿದರೆ ಅಸಲಿ ಸಿಗುತ್ತದೆ, ಪೇಪರ್ ಹೋಗುವುದು ನಕಲಿಗೆ. ಐಎಸ್‌ಎಸ್‌ಎನ್ ಬರೀ ಗುರುತಿನ ಸಂಖ್ಯೆ, ಗುಣಮಟ್ಟದ ಸರ್ಟಿಫಿಕೇಟ್ ಅಲ್ಲ. ಇದನ್ನು ನಮ್ಮ ಪಿಎಚ್.ಡಿ. ಕೋರ್ಸ್‌ವರ್ಕ್‌ನಲ್ಲಿ ಯಾರೂ ಒತ್ತಿ ಹೇಳಲಿಲ್ಲ!

ಸರಿಯಾದ ಜರ್ನಲ್‌ನಲ್ಲಿ ರಿವ್ಯೂಗೆ ತಿಂಗಳುಗಟ್ಟಲೆ ಹಿಡಿಯುತ್ತದೆ, ಸ್ಯಾಂಪಲ್ ಯಾಕೆ ಇಷ್ಟೇ, ಈ ಟೆಸ್ಟ್ ಯಾಕೆ ಹಾಕಿದಿರಿ ಅಂತ ಕೇಳಿ ಸುಸ್ತು ಮಾಡುತ್ತಾರೆ. ಇಲ್ಲಿ ಮಾರನೆಯ ದಿನವೇ 'ಅಕ್ಸೆಪ್ಟೆಡ್' ಪತ್ರ, ಜೊತೆಗೆ ಯುಪಿಐ ನಂಬರ್. ಖಾತೆ ಸಂಸ್ಥೆಯದಲ್ಲ, ಒಬ್ಬ ವ್ಯಕ್ತಿಯದು. ಕೇಳಿದರೆ ವಾಟ್ಸಾಪ್‌ನಲ್ಲಿ ಉತ್ತರ: 'ನಮ್ಮ ಅಕೌಂಟೆಂಟ್ ಖಾತೆ ಸರ್, ಟೆನ್ಷನ್ ಬೇಡ, ಕೇರ್ ಗ್ರೂಪ್ ಒಂದು.' ಅಂದರೆ ಕೇರ್ ಪಟ್ಟಿಯ ಮೊದಲ ಗುಂಪಿನ ಜರ್ನಲ್ ಅಂತ.

ಪ್ರಬಂಧ ಸಲ್ಲಿಸುವ ಮೊದಲು ಪರಿಶೀಲಿಸುವ ಪ್ರೀ-ಸಬ್ಮಿಷನ್ ಸಮಿತಿಯವರು ಅಸಲಿ ಸಂಪಾದಕರಿಗೆ ಫೋನ್ ಹಚ್ಚಿದಾಗ ಬಂದ ಮಾತು: 'ನಮ್ಮದು ಅಚ್ಚಿನ ಪತ್ರಿಕೆ ಮಾತ್ರ, ನಾವು ಯಾರ ಹತ್ತಿರವೂ ಫೀಸು ತಗೊಳ್ಳಲ್ಲ, ಈ ಪೇಪರ್ ನಾವು ನೋಡೇ ಇಲ್ಲ.' ತುಂಬಿದ ಸಭೆಯಲ್ಲಿ ಮುಖ ಎತ್ತಲು ಆಗದ ಹಾಗಾಯಿತು. ಪಟ್ಟಿ ನೋಡಿದ್ದೆವು, ನಂಬರ್ ನೋಡಿದ್ದೆವು, ಆದರೂ!

ನಕಲಿಯವರನ್ನು ಕೇಳಿದ್ದಕ್ಕೆ: 'ನಿಮ್ಮ ಯೂನಿವರ್ಸಿಟಿಗೆ ಗೊತ್ತಿಲ್ಲ ಸರ್.' ದುಡ್ಡು ವಾಪಸ್ ಕೊಡಿ ಅಂದದ್ದಕ್ಕೆ: 'ಪಬ್ಲಿಷ್ ಆದಮೇಲೆ ರೀಫಂಡ್ ಇಲ್ಲ.' ಹಾಗಾದರೆ ಪೇಪರ್ ತೆಗೆಯಿರಿ ಅಂದದ್ದಕ್ಕೆ: 'ವಿತ್‌ಡ್ರಾ ಚಾರ್ಜ್ 3,000 ಆಗುತ್ತೆ.' ಕೊನೆಗೆ ಬ್ಲಾಕ್. ಕದ್ದ ಮಾಲನ್ನು ವಾಪಸ್ ಕೊಡಲೂ ಬಾಡಿಗೆ ಕೇಳುತ್ತಾರಲ್ಲ, ಎಂಥ ಧೈರ್ಯ!

ಪೇಪರ್ ಅಲ್ಲಿ ಉಳಿದರೆ ಏನಾಗುತ್ತೆ ಅಂದರೆ, ಅದನ್ನು ಬೇರೆ ಜರ್ನಲ್‌ಗೆ ಕಳಿಸುವಂತಿಲ್ಲ, ಈಗಾಗಲೇ ಪ್ರಕಟವಾಗಿದೆ ಅಂತ ತಿರುಗಿಸುತ್ತಾರೆ. ಪ್ರಬಂಧವನ್ನು ನಕಲು ಪತ್ತೆ ಮಾಡುವ ಡ್ರಿಲ್‌ಬಿಟ್ ಸಾಫ್ಟ್‌ವೇರ್‌ಗೆ ಹಾಕಿದಾಗ ನಿಮ್ಮದೇ ಅಧ್ಯಾಯ ಆ ವೆಬ್‌ಸೈಟ್ ಜೊತೆ ಹೊಂದಿಕೆ ತೋರಿಸಬಹುದು. ಯುಜಿಸಿಯ 2018ರ ನಿಯಮದಲ್ಲಿ ಹೋಲಿಕೆ ಶೇ 10 ದಾಟಿ 40ರವರೆಗೆ ಇದ್ದರೆ ಆರು ತಿಂಗಳೊಳಗೆ ತಿದ್ದಿ ಮತ್ತೆ ಸಲ್ಲಿಸಬೇಕು. ಅದೇ ವರ್ಷದ ನೇಮಕಾತಿ ನಿಯಮದಲ್ಲಿ ವಿಶ್ವವಿದ್ಯಾಲಯದ ಸಹಾಯಕ ಪ್ರಾಧ್ಯಾಪಕ ಹುದ್ದೆಯ ಶಾರ್ಟ್‌ಲಿಸ್ಟ್‌ಗೆ ಒಂದು ಪೇಪರ್‌ಗೆ 2 ಅಂಕ, ಗರಿಷ್ಠ 10. ಆ 2 ಅಂಕದ ಆಸೆಯ ಮೇಲೇ ಈ ಕಳ್ಳರ ವ್ಯಾಪಾರ ನಡೆಯುವುದು.

2025ರ ಫೆಬ್ರವರಿಯಲ್ಲಿ ಯುಜಿಸಿ ಕೇರ್ ಪಟ್ಟಿಯನ್ನೇ ನಿಲ್ಲಿಸಿತು. ಜರ್ನಲ್ ಒಳ್ಳೆಯದೋ ಕೆಟ್ಟದ್ದೋ ಅಂತ ಈಗ ಆಯಾ ಸಂಸ್ಥೆಯೇ ನೋಡಿಕೊಳ್ಳಬೇಕು. ಇವರು ಅದನ್ನೂ ಬಿಟ್ಟಿಲ್ಲ: '2024ರ ಡಿಸೆಂಬರ್ ಸಂಚಿಕೆಗೆ ಹಾಕಿಕೊಡ್ತೀವಿ, ಆಗ ಕೇರ್ ಇತ್ತು.' ಹಿಂದಿನ ತಾರೀಖು ಹಾಕುತ್ತೇವೆ ಅಂದವರ ಹತ್ತಿರ ಒಂದು ಮಾತೂ ಮುಂದುವರಿಸಬೇಡಿ.

ಕಳಿಸುವ ಮುಂಚೆ ವೆಬ್‌ಸೈಟ್‌ನಲ್ಲಿರುವ ನಂಬರ್ ಬಿಟ್ಟು, ಗ್ರಂಥಾಲಯದಲ್ಲಿರುವ ಹಳೆಯ ಅಚ್ಚಿನ ಸಂಚಿಕೆಯ ಒಳಪುಟದ ನಂಬರ್‌ಗೆ ಫೋನ್ ಮಾಡಿ. ಐಎಸ್‌ಎಸ್‌ಎನ್ ಪೋರ್ಟಲ್‌ನಲ್ಲಿ ಆ ಸಂಖ್ಯೆ ಅಚ್ಚಿಗೋ ಆನ್‌ಲೈನಿಗೋ ಅಂತ ನೋಡಿ. ವಾಣಿಜ್ಯದ ಜರ್ನಲ್ ಅಂತ ಹೇಳಿಕೊಂಡು ಒಂದೇ ಸಂಚಿಕೆಯಲ್ಲಿ ಸಿವಿಲ್ ಎಂಜಿನಿಯರಿಂಗ್, ನರ್ಸಿಂಗ್, ವಚನ ಸಾಹಿತ್ಯ ಎಲ್ಲ ಇದ್ದರೆ ಅದು ಅಂಗಡಿ. ಡಿಒಐ (ಪೇಪರ್‌ನ ಕಾಯಂ ಆನ್‌ಲೈನ್ ಗುರುತು) ಕೊಟ್ಟಿದ್ದರೆ ಒತ್ತಿ ನೋಡಿ, ತೆರೆದುಕೊಳ್ಳದಿದ್ದರೆ ಸುಳ್ಳಿರಬಹುದು. ಸ್ಕೋಪಸ್‌ನಲ್ಲಿ (ಜರ್ನಲ್‌ಗಳ ಅಂತರರಾಷ್ಟ್ರೀಯ ಸೂಚಿ) ಇದೆ ಅಂತ ಅವರು ಹೇಳಿದರೆ ಸ್ಕೋಪಸ್‌ನ ಸೋರ್ಸ್ ಪಟ್ಟಿಯಿಂದಲೇ ಜರ್ನಲ್‌ಗೆ ಹೋಗಿ, ಅವರು ಕಳಿಸಿದ ಲಿಂಕ್‌ನಿಂದಲ್ಲ.

ಇನ್ನೊಂದು ವಿಷಯ. 2022ರ ಪಿಎಚ್.ಡಿ. ನಿಯಮದಲ್ಲಿ ಪ್ರಬಂಧ ಸಲ್ಲಿಸುವ ಮುಂಚೆ ಪೇಪರ್ ಕಡ್ಡಾಯ ಅನ್ನುವುದನ್ನು ಯುಜಿಸಿ ತೆಗೆದಿದೆ. ಕೆಲವು ವಿಶ್ವವಿದ್ಯಾಲಯಗಳು ತಮ್ಮ ನಿಯಮದಲ್ಲಿ ಉಳಿಸಿಕೊಂಡಿವೆ. ನಿಮ್ಮದರ ನಿಯಮ ಓದದೆ, ಸೀನಿಯರ್ ಹೇಳಿದರು ಅಂತ ಆತುರಕ್ಕೆ ಬೀಳಬೇಡಿ.

ದುಡ್ಡು ಈಗಾಗಲೇ ಹೋಗಿದ್ದರೆ ಅವತ್ತೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಅವರು ಬ್ಲಾಕ್ ಮಾಡುವುದಕ್ಕೆ ಮುಂಚೆ ವಾಟ್ಸಾಪ್ ಚಾಟ್, ಯುಪಿಐ ರಸೀದಿ, ಅಕ್ಸೆಪ್ಟೆಡ್ ಪತ್ರ ಎಲ್ಲದರ ಸ್ಕ್ರೀನ್‌ಶಾಟ್ ತೆಗೆದಿಡಿ. ಕಾಪಿರೈಟ್ ಫಾರ್ಮ್‌ಗೆ ಸಹಿ ಹಾಕಿಲ್ಲದಿದ್ದರೆ ಹಾಕಬೇಡಿ, ಪೇಪರ್ ಹಿಂತೆಗೆದುಕೊಂಡಿದ್ದೇವೆ ಅಂತ ಇಮೇಲ್ ಕಳಿಸಿ ಪ್ರತಿಯನ್ನು ಗೈಡ್‌ಗೂ ಹಾಕಿ. ವಿತ್‌ಡ್ರಾ ಚಾರ್ಜ್ ಅಂತ ಒಂದು ರೂಪಾಯಿಯನ್ನೂ ಕಟ್ಟಬೇಡಿ.