ಕಡಲ ದಾರಿಯೋ, ಗಿರಿಯ ದಾರಿಯೋ?

ಹಾಸನ, ಚಿಕ್ಕಮಗಳೂರು ಕಡೆಯ ಗೆಳೆಯರ ಗುಂಪು ಎರಡು ದಿನ ನಡೆಯಲು ಹೊರಟರೆ ಮುಂದೆ ನಿಲ್ಲುವುದು ಎರಡು ದಾರಿ: ಕುಮಟಾದಿಂದ ಗೋಕರ್ಣದವರೆಗಿನ ಕರಾವಳಿ, ಇಲ್ಲವೇ ಮುಳ್ಳಯ್ಯನಗಿರಿ–ಬಾಬಾಬುಡನ್‌ಗಿರಿಯ ಸಾಲು.

ಕಡಲ ದಾರಿಗೆ ಏರು ಕಡಿಮೆ, ಲೆಕ್ಕಾಚಾರ ಹೆಚ್ಚು. ಕಡಲ ನೀರು ಹಿಂದೆ ಸರಿಯುವ ಇಳಿತದ ಹೊತ್ತಿನಲ್ಲಿ ನೀರಂಚಿನ ಒದ್ದೆ ಮರಳು ಗಟ್ಟಿಯಾಗಿರುತ್ತದೆ. ನೀರು ಮೇಲೇರುವ ಭರತ ಬಂತೆಂದರೆ ಸಡಿಲ ಮರಳಲ್ಲಿ ಕಾಲು ಹೂತು ವೇಗ ಕುಸಿಯುತ್ತದೆ, ಬಂಡೆಗಳ ಬುಡದ ದಾರಿಯೂ ಮುಚ್ಚುತ್ತದೆ. ಭರತದ ಸಮಯ ದಿನಕ್ಕೆ ಸುಮಾರು 50 ನಿಮಿಷ ಮುಂದೆ ಸರಿಯುವುದರಿಂದ ನಿನ್ನೆಯ ಸಮಯ ಇಂದಿಗೆ ಹೊಂದುವುದಿಲ್ಲ. ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನಲ್ಲಿ ಭರತ ಇನ್ನೂ ಮೇಲೇರುವುದರಿಂದ ಹೆಚ್ಚಿನ ಎಚ್ಚರ ಬೇಕು. ಅಘನಾಶಿನಿ ಊರಿಂದ ನದಿಯಾಚೆಯ ತದಡಿಗೆ ದೋಣಿಯೇ ಗತಿ. ಕೊನೆಯ ದೋಣಿ ಎಷ್ಟಕ್ಕೆಂದು ಮೊದಲೇ ಕೇಳಿಕೊಳ್ಳಿ. ಆಮೇಲೆ ಪ್ಯಾರಡೈಸ್, ಹಾಫ್ ಮೂನ್, ಓಂ, ಕುಡ್ಲೆ ಬೀಚ್‌ಗಳನ್ನು ದಾಟಿ ಗೋಕರ್ಣ ಪೇಟೆ. ಪಾದದಲ್ಲಿ ಬೊಬ್ಬೆ ಏಳುವುದು ಶೂ ಒಳಗಿನ ಮರಳಿನಿಂದ. ಹಾಗಾಗಿ ಒಬ್ಬೊಬ್ಬರಿಗೂ ಎರಡು ಜೊತೆ ಒಣ ಸಾಕ್ಸ್, ಮೂರು ಲೀಟರ್ ನೀರು ಇರಲಿ. ನೆರಳು ಮಾತ್ರ ಕೇಳಬೇಡಿ!

ಗಿರಿಯಲ್ಲಿ ಸಮಸ್ಯೆ ಬೇರೆ. 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿಗೆ ಸರ್ಪದಾರಿ ಎಂಬ ಕಾಲುದಾರಿಯಿಂದ ಹತ್ತುವಾಗ ಗುಂಪು ಚದುರುತ್ತದೆ. ನಿಧಾನಕ್ಕೆ ನಡೆಯುವವರನ್ನು ಮುಂದೆ ಬಿಡಿ, ದಾರಿ ಬಲ್ಲವರೊಬ್ಬರು ಕೊನೆಯಲ್ಲಿರಲಿ. ಮಂಜು ಕವಿದರೆ ಏಣು ಕಾಣುವುದಿಲ್ಲ. ಮಳೆಗಾಲದಲ್ಲಿ ಇಂಬಳದ (ಜಿಗಣೆಯ) ಕಾಟ ಬೇರೆ.

ಮೊದಲ ಸಲ ನಡೆಯುವವರು ಹೆಚ್ಚಿದ್ದರೆ ಗಿರಿಯೇ ವಾಸಿ: ಸುಸ್ತಾದವರನ್ನು ರಸ್ತೆಗಿಳಿಸಿ ಜೀಪ್ ಹತ್ತಿಸಬಹುದು. ಪಳಗಿದ ಕಾಲುಗಳಿದ್ದರೆ ಡಿಸೆಂಬರ್–ಜನವರಿಯಲ್ಲಿ ಕಡಲು. ಹಾಸನದ ಮೇಲೆ ಹಾಯುವ ಕಾರವಾರದ ರಾತ್ರಿ ರೈಲು ಕುಮಟಾದಲ್ಲಿ ನಿಲ್ಲುತ್ತದೆ.